ಎಡಚಕ್ರದ ಬಗ್ಗೆ ನನಗೆ ತಲುಪದ ಮಾತು

ವಯಸ್ಸು 54, ಹೋಟೆಲು ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವ ಕಸುಬು, ವಾಸ ನೀರಿನ ಟ್ಯಾಂಕ್ ರಸ್ತೆಯ 14ನೇ ನಂಬರ್ ಮನೆ, ಲಾಂಡ್ರಿಯಣ್ಣ ಎಂದರೆ ಎಲ್ಲರಿಗೂ ಗೊತ್ತಿರುವ ನಾನು, ಈ ದಿನ ಮಂಗಳವಾರ ಮಧ್ಯಾಹ್ನ 2-40ಕ್ಕೆ ಠಾಣೆಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ:

ಬಿಳಿ ವ್ಯಾನ್, ಕೊನೆಯ ನಾಲ್ಕು ಅಂಕಿ 4471, ಗುಡ್ಡದ ರಸ್ತೆಯಲ್ಲಿ ಹೋಗುತ್ತಿದೆ. ಎಲ್ಲಿ ಕಂಡರೂ ನಿಲ್ಲಿಸಬೇಕು. ಒಳಗೆ ನನ್ನ ಮಗಳು, ಅಳಿಯ, ಎಂಟು ತಿಂಗಳ ಮೊಮ್ಮಗಳು ಇದ್ದಾರೆ. ಇಷ್ಟನ್ನು ವೈರ್‌ಲೆಸ್‌ನಲ್ಲಿ ಹೇಳಿಯಾಗಿದೆ, ಮಿಕ್ಕದ್ದನ್ನು ಮೊದಲಿನಿಂದ ಹೇಳಿ ಎಂದು ಮುಖ್ಯ ಪೇದೆಯವರು ಅಂದಿದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ 10-15ಕ್ಕೆ ಗಾಡಿ ದಲ್ಲಾಳಿಯ ಷೆಡ್ಡಿಗೆ ಈ ವ್ಯಾನ್ ನೋಡಲು ಹೋದೆ. ಗಾಡಿಗೆ ಒಂಬತ್ತು ವರ್ಷ. ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಶಾಲಾ ಬಸ್ಸುಗಳ ಮೆಕ್ಯಾನಿಕ್. ಅವನೂ ತನ್ನ ಬೈಕಿನಲ್ಲಿ ಬಂದಿದ್ದನು. ನಮ್ಮಿಬ್ಬರಿಗೆ ನಾಲ್ಕು ವರ್ಷದಿಂದ ಮಾತಿಲ್ಲ. ಮಗಳ ಮದುವೆಯ ದಿನ ಎಲ್ಲರೆದುರು ಅವನ ಬೈಕನ್ನು ಬಾಗಿಲ ಮುಂದಿನಿಂದ ತೆಗೆಸಿದ್ದೆ, ಅಷ್ಟೇ. ಮಾತಿಲ್ಲವೆಂದು ಕೆಲಸ ನಿಂತಿಲ್ಲ. ಅವನು ಅಕ್ಕನಿಗೆ ಹೇಳುತ್ತಾನೆ, ಅವಳು ನನಗೆ ಹೇಳುತ್ತಾಳೆ, ನನ್ನ ಉತ್ತರ ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ. ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದರೂ ಹೀಗೆಯೇ. ಆ ದಿನ ಹೆಂಡತಿ ಮೊಮ್ಮಗಳ ಜೊತೆ ಮನೆಯಲ್ಲಿ ಉಳಿದಿದ್ದಳು. ಅವಳ ಜಾಗಕ್ಕೆ ದಲ್ಲಾಳಿ ಬಂದನು.

ಗಾಡಿಯ ನಾಲ್ಕೂ ಮೂಲೆಗಳನ್ನು ನಾನೇ ಮೈಭಾರ ಹಾಕಿ ಒತ್ತಿ ಬಿಟ್ಟೆ. ಮೂರು ಮೂಲೆ ಒಂದೇ ಸಲ ಎದ್ದು ನಿಂತವು. ಮುಂದಿನ ಎಡಮೂಲೆ ಮೂರು ಸಲ ಕುಣಿಯಿತು. ಕೇಳಿದ್ದಕ್ಕೆ ದಲ್ಲಾಳಿ, ‘ನೆಲ ಸಮ ಇಲ್ಲ ಅಣ್ಣ’ ಎಂದನು. ನೆಲ ನಿಜಕ್ಕೂ ಸಮ ಇರಲಿಲ್ಲ, ಒಪ್ಪಿಕೊಂಡೆ.

ಆಮೇಲೆ ಸ್ಟಿಯರಿಂಗ್. ಇದಕ್ಕೆ ಇಬ್ಬರು ಬೇಕು. ಒಬ್ಬರು ಕೂತು ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ಜಾಯಿಂಟುಗಳು ಅಲ್ಲಾಡುತ್ತವೆಯೇ ಎಂದು ನೋಡಬೇಕು. ನಾನು ಇಂಜಿನ್ ಚಾಲೂ ಮಾಡಿ ಕೂತೆ, ಬಾಮೈದ ಕೆಳಗೆ ಮಲಗಿದನು. ಇಂಜಿನ್ ಸದ್ದಿನಲ್ಲಿ ಅವನ ದನಿ ನನಗೆ ಕೇಳುತ್ತಿರಲಿಲ್ಲ. ಅವನು ದಲ್ಲಾಳಿಗೆ ಹೇಳುವುದು, ದಲ್ಲಾಳಿ ನನ್ನ ಕಿಟಕಿಗೆ ಬಂದು ‘ಎಡಕ್ಕಂತೆ’, ‘ಬಲಕ್ಕಂತೆ’ ಎನ್ನುವುದು, ಹೀಗೆ ಆರು ನಿಮಿಷ ನಡೆಯಿತು. ನಡುವೆ ದಲ್ಲಾಳಿ, ‘ಗಂಡ ಹೆಂಡತಿ ರಾಜಿ ಮಾಡಿಸೋಕೂ ಇಷ್ಟು ಓಡಾಡಿಲ್ಲ ನಾನು’ ಎಂದನು. ನಾನು ನಕ್ಕೆ. ಕೊನೆಗೆ ಬಂದು, ಎಲ್ಲ ಸರಿಯಿದೆಯಂತೆ ಎಂದು ತಿಳಿಸಿದನು. ಬಾಮೈದ ಎದ್ದು ಕೈ ಒರೆಸಿಕೊಂಡು, ನನ್ನತ್ತ ಒಮ್ಮೆ ನೋಡಿ, ಬೈಕ್ ಹತ್ತಿದನು. ನಮ್ಮಿಬ್ಬರ ನಡುವೆ ನಾಲ್ಕು ಅಡಿ ಜಾಗವಿತ್ತು. ಹೇಗಿದೆಯೋ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಅವತ್ತೇ ದುಡ್ಡು ಕೊಟ್ಟು ವ್ಯಾನನ್ನು ಮನೆಗೆ ತಂದೆ. ಈ ದಿನ ಮಗಳು ಗಂಡನ ಊರಿಗೆ ಹೊರಟಳು. ಬಸ್ಸಿನಲ್ಲಿ ಹೋಗುತ್ತೇವೆ ಎಂದು ಅಳಿಯ ಹೇಳಿದನು. ತೊಟ್ಟಿಲು ಹೊತ್ತುಕೊಂಡು ಬಸ್ಸು ಹತ್ತುತ್ತೀರಾ, ಮನೆಮುಂದೆ ವ್ಯಾನ್ ಇರುವುದು ನೋಡುವುದಕ್ಕಾ ಎಂದು ಗದರಿ ಬೀಗದಕೈ ಕೊಟ್ಟವನು ನಾನು. 1-25ಕ್ಕೆ ಹೊರಟರು. ಒಟ್ಟು 118 ಕಿಲೋಮೀಟರ್, ಅದರಲ್ಲಿ ಗುಡ್ಡ ಹತ್ತುವುದು 74ನೆಯ ಕಿಲೋಮೀಟರಿನಿಂದ.

2-22ಕ್ಕೆ ಹೆಂಡತಿ ತಮ್ಮನ ಜೊತೆ ಫೋನಿನಲ್ಲಿದ್ದಳು. ವ್ಯಾನ್ ಹೋಯಿತೆಂದು ಕೇಳಿ ಅವನು ಅಂದದ್ದನ್ನು ಎಂದಿನ ಹಾಗೆ ಒಂದೊಂದೇ ವಾಕ್ಯವಾಗಿ ನನಗೆ ದಾಟಿಸಿದಳು: ‘ಎಡಗಡೆ ಬಾಲ್ ಜಾಯಿಂಟ್ ಸಡಿಲ ಇದೆಯಂತೆ. ಬದಲಾಯಿಸೋವರೆಗೂ ಹೊರಗೆ ತೆಗೀಬೇಡಿ ಅಂತ ಅವತ್ತೇ ದಲ್ಲಾಳಿ ಹತ್ರ ಹೇಳಿ ಕಳಿಸಿದ್ನಂತೆ. ತಿರುವಲ್ಲಿ ಚಕ್ರ ಕಳಚಿಕೊಂಡ್ರೆ...’ ಹೊಸ ಜಾಯಿಂಟ್ ಹಾಕಿಸಿಯೇ ಕೊಡುತ್ತೇನೆಂದು ದಲ್ಲಾಳಿ ಅವನಿಗೆ ಹೇಳಿದ್ದನಂತೆ.

ಅಳಿಯನ ಫೋನು ಸಿಗುತ್ತಿಲ್ಲ. ಮಗಳಿಗೆ ಮಾಡಿದರೆ ನಮ್ಮ ಅಡುಗೆಮನೆ ಕಿಟಕಿಯಲ್ಲೇ ರಿಂಗಾಗುತ್ತಿದೆ, ಚಾರ್ಜಿಗೆ ಹಾಕಿ ಮರೆತು ಹೋಗಿದ್ದಾಳೆ. ಬಾಮೈದ 2-30ಕ್ಕೆ ಬೈಕಿನಲ್ಲಿ ವ್ಯಾನಿನ ಹಿಂದೆ ಹೊರಟಿದ್ದಾನೆ. ಅವನ ನಂಬರ್ ಕೊಡಿ ಎಂದು ಇಲ್ಲಿ ಕೇಳಿದರು. ನನ್ನ ಬಳಿ ಇಲ್ಲ, ಅಳಿಸಿ ನಾಲ್ಕು ವರ್ಷವಾಯಿತು. ಹೆಂಡತಿಯನ್ನು ಕೇಳಿ ಬರೆಸಿದ್ದೇನೆ. ಗುಡ್ಡದ ಆಚೆಯಿಂದ ಜೀಪು ಬರಲು ಒಂದೂಕಾಲು ಗಂಟೆ ಬೇಕೆಂದು ಹೇಳಿದರು. ದಲ್ಲಾಳಿಯ ಮೇಲೆ ದೂರು ಕೊಡುತ್ತೀರಾ ಎಂದೂ ಕೇಳಿದರು. ಕೊಡುತ್ತೇನೆ, ಅದನ್ನು ನಾಳೆ ಬರೆದುಕೊಂಡರೂ ನಡೆಯುತ್ತದೆ.

3-32ಕ್ಕೆ ನನ್ನ ಫೋನಿಗೆ ಬಾಮೈದನೇ ಕರೆ ಮಾಡಿದನು. ‘ಭಾವ, ನಾನು. ಗುಡ್ಡದ ಬುಡದಲ್ಲಿದ್ದೀನಿ. ಮಗುಗೆ ಹಾಲು ಕುಡಿಸೋಕೆ ಅಂಗಡಿ ಹತ್ರ ನಿಂತಿದ್ರಂತೆ, ಹತ್ತು ನಿಮಿಷ ಆಯ್ತಂತೆ ಹೋಗಿ. ಅಳಿಯಂದ್ರು ಜೋರಾಗಿ ಓಡಿಸ್ತಾರಾ?’ ಎಂದು ಕೇಳಿದನು. ಇಲ್ಲಪ್ಪ, ಮಗು ಇದ್ದರೆ ಮೆಲ್ಲಗೆ ಹೋಗ್ತಾನೆ ಎಂದೆ. ‘ಹಂಗಾದ್ರೆ ಹಿಡೀತೀನಿ. ಫೋನು ಹೆಲ್ಮೆಟ್ಟಿನೊಳಗೆ ಸಿಕ್ಕಿಸ್ಕೋತೀನಿ, ನೀವು ಕಟ್ ಮಾಡಬೇಡಿ ಭಾವ’ ಎಂದನು.

ಬರೆದದ್ದನ್ನು ನನಗೆ ಓದಿ ಹೇಳಿದರು. ಒಂದೇ ಕಿವಿಯಲ್ಲಿ ಕೇಳಿದ್ದೇನೆ. ಎಲ್ಲವೂ ನಡೆದದ್ದೇ, ನಾನು ಏನನ್ನೂ ಕೂಡಿಸಿಲ್ಲ, ನನ್ನದನ್ನೂ ಬಿಟ್ಟಿಲ್ಲ.

ಸ್ಥಳ: ಠಾಣೆ. ಮಂಗಳವಾರ, 3-41.

ಸಹಿ, ಎಡಗೈಯಲ್ಲಿ ಫೋನನ್ನು ಕಿವಿಗೆ ಹಿಡಿದುಕೊಂಡು ಹಾಕಿದ್ದು. ಬೈಕಿನ ಸದ್ದು ಕೇಳುತ್ತಿದೆ.