ವೆಲ್ಡಿಂಗ್ ಡಬ್ಬೀಲಿರೋ ಇಬೂತಿ ಗಟ್ಟಿ

ಅದನ್ನ ಅಲ್ಲೇ ಇಡು ಪುಟ್ಟಿ, ಅದು ಪೂಜೆ ಸಾಮಾನಲ್ಲ, ನನ್ನ ವೆಲ್ಡಿಂಗ್ ಸಾಮಾನು. ಇಬೂತಿ ಗಟ್ಟೀನೇ, ಹೂಂ. ಹಣೆಗೆ ಒಂದಿನಾನೂ ಹಚ್ಕೊಳ್ಳದ ತಾತ ಟೂಲ್ ಡಬ್ಬೀಲಿ ಇಬೂತಿ ಯಾಕಿಟ್ಟವ್ನೆ ಅಂತ ನಿಮ್ಮಪ್ಪನೂ ಚಿಕ್ಕೋನಿದ್ದಾಗ ಕೇಳ್ತಿದ್ದ, ಏನೋ ಒಂದು ಹೇಳಿ ಸಾಗಹಾಕ್ತಿದ್ದೆ. ಕೂತ್ಕೊ, ಹೇಳ್ತೀನಿ. ನೀನೂ ಬಾರ್ಲಾ ಚೇತು, ಆ ಮೊಬೈಲ್ ಆಚೆಗೆ ಮಡಗು.

ಹಿರೇಹಳ್ಳೀಲಿ ನಮ್ಮ ಫ್ಯಾಕ್ಟ್ರಿ ಬಾಗ್ಲು ಹಾಕಿದ್ರಲ್ಲ, ಆ ವರ್ಷ. ನಾನಲ್ಲಿ ವೆಲ್ಡರು, ನೀರಿನ ಟ್ಯಾಂಕ್ ಮಾಡ್ತಿದ್ವಿ. ಉಪ್ಪಾರಹಳ್ಳೀಲಿ ಬಾಡಿಗೆಗೆ ಒಂದೇ ರೂಮು, ನಿಮ್ಮಜ್ಜಿ ಬಸುರಿ, ನಿಮ್ಮಪ್ಪ ಹೊಟ್ಟೇಲವ್ನೆ. ಬೆಳಿಗ್ಗೆ ಅಂಬ್ಲಿ, ಸಂಜೆ ಅಂಬ್ಲಿ. ಮಧ್ಯಾಹ್ನ ನಾನು ಕೆಲ್ಸ ಹುಡುಕ್ಕೊಂಡು ಹೋಗ್ತಿದ್ದೆ. ಹುಡುಕ್ಕೊಂಡು ಅಂದ್ರೆ, ಊಟದ ಹೊತ್ತಿಗೆ ಮನೇಲಿರಬಾರ್ದು ಅಂತ ಹೋಗ್ತಿದ್ದೆ, ನಾನಿಲ್ದಿದ್ರೆ ಅವಳಾದ್ರೂ ಉಣ್ತಾಳೆ ಅಂತ. ಫ್ಯಾಕ್ಟ್ರಿಯೋರು ಬಾಗ್ಲು ಹಾಕುವಾಗ ಮೂಲೇಲಿ ಬಿದ್ದಿದ್ದ ಹಳೇ ವೆಲ್ಡಿಂಗ್ ಮಿಷಿನ್ ತಗೊಂಡೋಗು ಅಂದಿದ್ರು, ಅದೊಂದೇ ನನ್ನ ಆಸ್ತಿ. ಹಿಂಗಿರ್ಬೇಕಾದ್ರೆ ಸಿ.ಎಸ್. ಪುರದಿಂದ ಹೇಳಿ ಕಳ್ಸಿದ್ರು, ರುದ್ರಪ್ಪನೋರು ಅಂತ, ಕೊಬ್ಬರಿ ಎಣ್ಣೆ ಮಿಲ್ಲು ಅವರ್ದು, ಒಂದು ಬೀಮು ಬಿರ್ಕು ಬಿಟ್ಟೈತೆ ಬಾ ಅಂತ. ಸ್ವಂತಕ್ಕೆ ಅದೇ ಮೊದಲ್ನೇ ಕೆಲ್ಸ. ಮಿಷಿನ್ ಬಸ್ ಮೇಲೆ ಹಾಕ್ಬೇಕು, ಕಂಡಕ್ಟ್ರು ಒಂದು ಕೈ ಕೊಟ್ಟು ಉಸ್ಸಂದ. "ಏನಯ್ಯಾ ಇದ್ರೊಳ್ಗೆ, ಕಲ್ಲಾ?" "ಕಲ್ಲಲ್ಲ ಸಾರ್, ಅನ್ನ" ಅಂದೆ. ಅವ್ನು ನಗ್ಲಿಲ್ಲ ಬುಡು.

ಮಿಲ್ಲೊಳ್ಗೆ ಒಂದು ತಗ್ಗು ಅಟ್ಟ, ಕೈ ಎತ್ತಿದ್ರೆ ಸಿಗೋದು. ಅಟ್ಟದ ತುಂಬ ಕೊಬ್ಬರಿ ಚೀಲ ಜೋಡಿಸೋರು, ಅಷ್ಟನ್ನೂ ಹೊತ್ತಿರೋದು ಒಂದೇ ಕಬ್ಬಿಣದ ಬೀಮು. ನಾನು ಹೋಗೋ ಹೊತ್ತಿಗೆ ಚೀಲ ಎಲ್ಲ ಇಳಿಸಿದ್ರು. ಆ ಬೀಮಿನ ಅಡೀಲೇ ನಾಕು ಹೆಂಗಸ್ರು ಕೂತು ಕೊಬ್ಬರಿ ಹೆಚ್ಚೋರು. ಬೀಮು ಅಂದ್ರೆ ಗೊತ್ತಲ್ಲ, ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಮಧ್ಯ ನಿಂತಿರೋದು ಒಂದು ಪಟ್ಟಿ. ಕೆಳಗಿನ ಪಟ್ಟೀಲಿ ಬಿರ್ಕು. ಜಿಡ್ಡು ಅಂದ್ರೆ ಜಿಡ್ಡು, ವರ್ಷಗಟ್ಟಲೆ ಎಣ್ಣೆ ಕುಡಿದಿತ್ತು ಅದು. ಸೀಮೆಎಣ್ಣೆ ಹಾಕಿ ಬೀಮನ್ನೆಲ್ಲ ಉಜ್ಜಿ ಒರೆಸ್ದೆ. ಒರೆಸಿದ ಮೇಲೆ ಬಿರ್ಕು ಎಲ್ಲೀವರ್ಗೂ ಹೋಗೈತೆ ಅಂತ ನೋಡ್ಬೇಕು, ಅದು ಮೊದಲ್ನೇ ಪಾಠ. ನಾನು ನೋಡ್ಲಿಲ್ಲ. ಹಸಿವು ಅಂತ ಹೇಳಬೌದು, ಆದ್ರೆ ಹಸಿವಲ್ಲ, ಬೇಗ ಮುಗಿಸಿ ಭೇಷ್ ಅನ್ನಿಸ್ಕೊಬೇಕು ಅನ್ನೋದು. ಕಣ್ಣಿಗೆ ಕಂಡಷ್ಟಕ್ಕೆ ಒಂದು ಪ್ಲೇಟ್ ಕತ್ತರಿಸಿ ಅಡಿಗಿಟ್ಟು ಸುತ್ತ ವೆಲ್ಡ್ ಹೊಡ್ದೆ. ನೋಡೋಕೆ ಚೆನ್ನಾಗೇ ಇತ್ತು. ರುದ್ರಪ್ಪನೋರು ತಲೆ ಆಡಿಸಿದ್ರು. "ಗುಬ್ಬೀಲಿ ನಮ್ಮ ಬೀಗ್ರದ್ದು ಮಿಲ್ಲೈತೆ, ಕುಣಿಗಲ್ಲಲ್ಲಿ ಇನ್ನೊಬ್ರು ಅವ್ರೆ, ಅವ್ರಿಗೂ ನಿನ್ನ ಹೆಸ್ರು ಹೇಳ್ತೀನಿ ಕಣಪ್ಪ." ಕೊಬ್ಬರಿ ಹೆಚ್ಚೋರಲ್ಲಿ ಲಕ್ಕಮ್ಮ ಅಂತ ಒಬ್ಳು, ನಮ್ಮಮ್ಮನ ವಯಸ್ಸು, "ಏನಪ್ಪಾ, ನಾವಿನ್ನು ಇಲ್ಲೇ ಕೂರಬೌದಾ?" ಅಂದ್ಳು. ನಾನೇನಂದೆ ಗೊತ್ತಾ, "ಕೂತ್ಕೊಳ್ಳಮ್ಮ, ಆನೆ ನಿಂತ್ರೂ ಬಗ್ಗಲ್ಲ" ಅಂದೆ. ಅವಳು ಚಾಪೆ ಎಳ್ಕೊಂಡು ಸೀದಾ ನನ್ನ ಪ್ಲೇಟ್ ಅಡೀಲೇ ಹಾಕ್ಕೊಂಡ್ಳು.

ರಾತ್ರಿ ಅಲ್ಲೇ ಮಲಗಿದ್ದೆ. ಮಾರ್ನೆ ಬೆಳಿಗ್ಗೆ ಸೋಮವಾರ, ಚೀಲ ಏರಿಸೋಕೆ ಮುಂಚೆ ಪೂಜೆ. ರುದ್ರಪ್ಪನೋರ ತಾಯಿ, ಗಂಗಮ್ಮಜ್ಜಿ, ಸ್ಟೂಲ್ ಹತ್ತಿ ಬೀಮಿನ ನಿಂತಿರೋ ಪಟ್ಟಿಗೆ ಮೂರು ಬೆರಳಲ್ಲಿ ದಪ್ಪಗೆ ಇಬೂತಿ ಎಳೆದ್ರು. ಕರ್ಪೂರ ಆಯ್ತು, ಮಂಗಳಾರತಿ ಆಯ್ತು, ನಾನು ಕೈ ಮುಗಿದು ತಲೆ ಎತ್ತಿದ್ರೆ ಆ ಬಿಳೀ ಪಟ್ಟೆ ಮೇಲೆ ಕಪ್ಪಗೆ ಒಂದು ಗೆರೆ. ಕೂದ್ಲಷ್ಟು ತೆಳ್ಳಗೆ, ಕೆಳಗಿಂದ ಮೇಲಕ್ಕೆ, ಮೂರು ಪಟ್ಟೆನೂ ದಾಟ್ಕೊಂಡು. ಅದೇನು ಅಂತ ನಂಗೆ ತಕ್ಷಣ ಗೊತ್ತಾಯ್ತು. ಫ್ಯಾಕ್ಟ್ರೀಲಿ ಟ್ಯಾಂಕ್ ಸೋರುತ್ತಾ ಅಂತ ನೋಡೋಕೆ ನಮ್ಮ ಮೇಸ್ತ್ರಿ ಒಳಗಡೆ ಸೀಮೆಎಣ್ಣೆ ಸವರಿ ಹೊರಗಡೆ ಸುಣ್ಣ ಬಳೀತಿದ್ರು, ಎಲ್ಲಿ ಸಂದೈತೋ ಅಲ್ಲಿ ಎಣ್ಣೆ ಹೊರಗೆ ಬಂದು ಸುಣ್ಣ ಕಪ್ಪಾಗೋದು. ಹಂಗೆ ನಾನು ಉಜ್ಜಿದ್ದ ಸೀಮೆಎಣ್ಣೆ ಬಿರ್ಕೊಳ್ಗೆ ಇಳಿದಿತ್ತು, ಈಗ ಇಬೂತೀಲಿ ಬಂದಿತ್ತು. ಬಿರ್ಕು ನನ್ನ ಪ್ಲೇಟ್ ದಾಟಿ ಮೇಲಕ್ಕೆ ಒಂದು ಗೇಣು ಓಡಿತ್ತು.

ಏನ್ಮಾಡ್ದೆ ಗೊತ್ತಾ? ಯಾರೂ ನೋಡ್ತಿಲ್ಲ ಅಂತ ಹೆಬ್ಬೆಟ್ಟಲ್ಲಿ ಒರೆಸಿಬಿಟ್ಟೆ. ಅಜ್ಜಿ ನೋಡಿದ್ರು. "ಏನ್ಲಾ, ಇಬೂತಿ ಅಳಿಸ್ತೀಯಾ?" "ಬೆವರು ತಾಕ್ತು ಅಮ್ಮೋರೆ" ಅಂದೆ. ಅವ್ರು ಮತ್ತೆ ಹಚ್ಚಿದ್ರು. ಆಕಡೆ ಚೀಲ ಏರ್ತಾ ಅವೆ, ಒಂದು, ಎರಡು. ಈಕಡೆ ಲಕ್ಕಮ್ಮ ಚಾಪೆ ಮೇಲೆ ಕೂತು ಕೊಬ್ಬರಿ ಹೆಚ್ತಾ ಅವ್ಳೆ. ಗೆರೆ ಮತ್ತೆ ಬಂತು. ನಿಮ್ಮಜ್ಜಿಗೆ ಈ ಕಥೆ ಹೇಳುವಾಗೆಲ್ಲ ಒಂದ್ಸಲ ಒರೆಸ್ದೆ ಅಂತಿದ್ದೆ. ಸುಳ್ಳ್ಯಾಕೆ, ಎರಡ್ಸಲ ಒರೆಸ್ದೆ. ಮೂರನೇ ಸಲ ಗಂಗಮ್ಮಜ್ಜಿ ಹಚ್ಚಲಿಲ್ಲ, ಗಟ್ಟಿ ಕೈಯಲ್ಲಿ ಹಿಡ್ಕೊಂಡು ನನ್ನ ಮುಖಾನೇ ನೋಡಿದ್ರು. ನಾಚಿಕೆ ಆಯ್ತು ಕಣವ್ವ, ಹೆದ್ರಿಕೆನೂ ಆಯ್ತು, ಯಾವ್ದು ಜಾಸ್ತಿ ಅಂತ ಈಗ ಹೇಳಕ್ಕಾಗಲ್ಲ. "ಯಜಮಾನ್ರೆ, ಚೀಲ ಇಳಿಸ್ಬೇಕು" ಅಂದೆ. ರುದ್ರಪ್ಪನೋರು ಬಂದು ನಿಂತ್ರು. "ನಿನ್ನೆ ಆನೆ ಅಂದೆ, ಇವತ್ತು ಇಳಿಸು ಅಂತೀಯ. ಯಾವ ಮಾತು ನಂಬ್ಲಿ ನಾನು?" "ಇವತ್ತಿಂದು" ಅಂದೆ. ಅವ್ರು ತಾಯಿ ಕಡೆ ತಿರುಗಿದ್ರು. ಅಜ್ಜೀನೇ, "ಇಳಿಸ್ಲಿ ಬುಡು ರುದ್ರ" ಅಂದ್ರು. ಲಕ್ಕಮ್ಮ ಚಾಪೆ ಸುತ್ಕೊಂಡು ಎದ್ದೋದ್ಳು, ನನ್ನ ಕಡೆ ನೋಡ್ಲಿಲ್ಲ.

ಎರಡು ದಿನ ಹಿಡೀತು. ನನ್ನ ಪ್ಲೇಟ್ ನಾನೇ ಕತ್ತರಿಸಿ ತೆಗ್ದೆ. ಬಿರ್ಕಿನ ತುದೀಲಿ ಒಂದು ತೂತು ಹಾಕ್ದೆ, ತೂತು ಹಾಕಿದ್ರೆ ಅದು ಮುಂದಕ್ಕೆ ಓಡಲ್ಲ, ಆಮೇಲೆ ಬಿರ್ಕು ಕೊರೆದು ತುಂಬಿಸಿ, ಅಡೀಗೊಂದು, ಪಕ್ಕಕ್ಕೆರಡು ಉದ್ದನೆ ಪ್ಲೇಟ್ ಹಾಕ್ದೆ. ಪ್ಲೇಟ್ ಹಾಕೋಕೆ ಮುಂಚೆ ಅಜ್ಜಿ ಗಟ್ಟಿ ತಂದು ನನ್ನ ಕೈಗೇ ಕೊಟ್ರು, "ನೀನೇ ಹಚ್ಚಿ ನೋಡು" ಅಂದ್ರು. ಸೀಮೆಎಣ್ಣೆ ಆಕಡೆ, ಇಬೂತಿ ಈಕಡೆ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದವರ್ಗೂ ಬೆಳ್ಳಗೇ ಇತ್ತು. ಎಲ್ಲ ಮುಗಿದ ಮೇಲೆ ಲಕ್ಕಮ್ಮ ಬಂದು ನನ್ನ ಕೇಳ್ಲಿಲ್ಲ, ಅಜ್ಜೀನ ಕೇಳಿದ್ಳು, "ಕೂರಬೌದಾ ಅಮ್ಮೋರೆ?" ಅಂತ. ಅಜ್ಜಿ, "ಅವನ್ನೇ ಕೇಳು" ಅಂದ್ರು. ನಾನು ಆನೆ ಗೀನೆ ಏನೂ ಅನ್ಲಿಲ್ಲ. ಅವಳ ಚಾಪೆ ತಗೊಂಡು ಬೀಮಿನ ಅಡೀಲಿ ಹಾಸಿ ನಾನೇ ಕೂತ್ಕೊಂಡೆ. ಚೀಲ ಏರ್ಸಿ ಅಂದೆ. ಕೊನೇ ಚೀಲ ಏರೋವರ್ಗೂ ಕೂತಿದ್ದೆ, ಅಲ್ಲೇ ಉಂಡೆ. ಅರ್ಧ ಊಟಕ್ಕೆ ಲಕ್ಕಮ್ಮ ಬಂದು ಪಕ್ಕದಲ್ಲಿ ಕೂತ್ಳು. ಸ್ವಲ್ಪ ಸರಿ ಅಂದ್ಳು, ಸರಿದೆ.

ಗುಬ್ಬಿ ಬೀಗ್ರು ಕರೀಲಿಲ್ಲ. ಕುಣಿಗಲ್ಲೋರು ವರ್ಷ ಆದ್ಮೇಲೆ ಕರೆದ್ರು. ಗಂಗಮ್ಮಜ್ಜಿ ಆ ಗಟ್ಟಿ ವಾಪಸ್ ಇಸ್ಕೊಳ್ಳಲಿಲ್ಲ, ಅವತ್ತಿಂದ ಬಿರ್ಕು ನೋಡೋಕೆ ನನ್ನ ಡಬ್ಬೀಲಿ ಒಂದು ಇಬೂತಿ ಗಟ್ಟಿ ಇದ್ದೇ ಐತೆ. ಏನೇ ಕೆಲ್ಸ ಮಾಡಿ, ಅದ್ರಡೀಲಿ ನೀವೇ ಚಾಪೆ ಹಾಕ್ಕೊಂಡು ಕೂರೋ ಹಂಗೆ ಮಾಡಿ, ಅಷ್ಟೇ. ಕೊಡಿಲ್ಲಿ ಆ ಗಟ್ಟಿ, ಡಬ್ಬಿಗೆ ಹಾಕ್ತೀನಿ.