ಪಕ್ಕದ ಕುರ್ಚಿ

ವೈಟ್ಟಿಲದಲ್ಲಿ ಏಲೂರಿನ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರು ಮೈಸೂರು ಕಡೆಯ ಕನ್ನಡ ಮಾತಾಡುತ್ತಿದ್ದರು. ಕೊಚ್ಚಿಯಲ್ಲಿ ಕನ್ನಡ ಕೇಳಿಸಿದರೆ ನನ್ನ ಕಿವಿ ಮರ್ಯಾದೆ ಮರೆಯುತ್ತದೆ.

“ಪೂಜೆಗೆ ಬರೋದೇ ಬಿಟ್ಬಿಟ್ರಲ್ಲ, ಫಿಲೋಮಿನಕ್ಕ?” ಎಂದಳು ಚಿಕ್ಕವಳು.

“ಚರ್ಚು ರಿಪೇರಿ ಮುಗೀಲಿ, ಜಸಿಂತಾ.”

“ಅಲ್ಲೀವರೆಗೂ ಪ್ಯಾರಿಷ್ ಹಾಲಲ್ಲಿ ನಡೀತಿದೆಯಲ್ಲ. ಮೊದಮೊದಲು ನೀವೂ ಭಾವನೂ ಒಂದು ಭಾನುವಾರನೂ ತಪ್ಪಿಸ್ತಿರ್ಲಿಲ್ಲ.”

“ಚರ್ಚಲ್ಲಿ ಗಂಡಸರು ಒಂದು ಕಡೆ, ನಾವು ಒಂದು ಕಡೆ. ಮದುವೆ ದಿನ ಬಿಟ್ರೆ ಅಲ್ಲಿ ಅವರ ಪಕ್ಕ ಕೂತಿದ್ದೇ ಇಲ್ಲ. ಹಾಲಲ್ಲಿ ಎಲ್ಲಿ ಬೇಕಾದ್ರೂ ಕುರ್ಚಿ ಎಳ್ಕೋಬಹುದಿತ್ತು.”

“ಫಾದರ್ ಪ್ರಸಂಗ ಶುರು ಮಾಡಿದ್ರೆ ಭಾವ ನಿಮ್ಮ ಭುಜಕ್ಕೊರಗಿ ನಿದ್ದೆ ಮಾಡೋರು.”

“ಹ್ಞೂಂ.”

“ಅವರ ಸಾವಿನ ಪೂಜೆ ಆಗಿದ್ದೂ ಅದೇ ಹಾಲಲ್ಲಿ. ಅವತ್ತೂ ನೀವು ಅಳಲಿಲ್ಲ ಅಕ್ಕ.”

“ಆ ಹಾಲಿಗೆ ಇನ್ನು ಬರಲ್ಲ.”

“ಚರ್ಚು ತೆರೆದ ಮೇಲೆ ಬರ್ತೀರಾ?”

“ಬರ್ತೀನಿ. ಅಲ್ಲಿ ನನ್ನ ಪಕ್ಕ ಅವರ ಜಾಗ ಯಾವತ್ತೂ ಇರ್ಲಿಲ್ಲ.”

ಆಲುವದ ಬಸ್ಸು ಬಂತು. ಇಬ್ಬರೂ ಮುಂದಿನ ಬಾಗಿಲಲ್ಲಿ ಹತ್ತಿ, ಹೆಂಗಸರ ಸೀಟಿನಲ್ಲಿ ಕೂತರು.