ಗಾಳಿಗೆ ಮುಖ ಮಾಡಿದ ಎಂಜಿನ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ದೊಡ್ಡಮ್ಮನ ಹಿರಿಮಗನಿಗೆ ಆದದ್ದು. ಸಣ್ಣ ವಿಮಾನಗಳ ಮೆಕ್ಯಾನಿಕ್ ಅವನು. ಮನೆಯಲ್ಲಿ ನಾವೆಲ್ಲ ‘ಫ್ಯಾನ್ ರಿಪೇರಿ’ ಅಂತ ಕಾಡಿಸುತ್ತಿದ್ದೆವು. ಆ ರಾತ್ರಿಯ ಮೇಲೆ ಯಾರೂ ಕಾಡಿಸಿಲ್ಲ.

ಕತ್ತಲಾದ ಮೇಲೆ ವಿಮಾನ ನಿಲ್ಲಿಸುವ ಶೆಡ್ಡಿಗೆ ಬೀಗ ಹಾಕಿ, ಹಾಳುಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದ. ಖುಷಿಯಲ್ಲೇ ಇದ್ದ. ಅವತ್ತು ವಿಮಾನಕ್ಕೆ ಹೊಸ ಮರದ ಪ್ರೊಪೆಲ್ಲರ್ ಕೂರಿಸಿದ್ದ. ಪ್ರೊಪೆಲ್ಲರಿನ ಅಲಗುಗಳ ಓರೆ ಕೆತ್ತುವಾಗಲೇ ನಿಗದಿ, ಹಾರುವಾಗ ಬದಲಿಸಲು ಬರುವುದಿಲ್ಲ. ಓರೆ ಅತಿಯಾದರೆ ಎಂಜಿನ್ ತಿಣುಕುತ್ತದೆ, ವಿಮಾನ ಮೇಲೇಳುವುದಿಲ್ಲ. ಅದಕ್ಕೇ ಚಕ್ರಗಳಿಗೆ ಅಡ್ಡ ಮರದ ತುಂಡು ಇಟ್ಟು, ಪೂರ್ತಿ ವೇಗ ಕೊಟ್ಟು ನೋಡಿದ್ದ. ನಿಮಿಷಕ್ಕೆಷ್ಟು ಸುತ್ತು ಅಂತ ತೋರಿಸುವ ಮುಳ್ಳು ಸರಿಯಾದ ಜಾಗಕ್ಕೇ ಬಂದಿತ್ತು. ಬೆಳಿಗ್ಗೆ ಅದನ್ನು ಹಾರಿಸುವವನು ಅವನ ಒಡಹುಟ್ಟಿದ ತಮ್ಮ.

ಬಾವಿಯ ಹತ್ತಿರ ಗಾಳಿ ನಿಂತಿತು. ಒಂದೇ ಸಲ... ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ. ಆಗಲೇ ಅವನಿಗೆ ಹೊಳೆಯಿತು.

ಸಂಜೆಯೆಲ್ಲ ಜೋರು ಗಾಳಿ. ವಿಮಾನದ ಮೂತಿಯನ್ನು ಆ ಗಾಳಿಗೇ ಎದುರಾಗಿ ನಿಲ್ಲಿಸಿದ್ದ! ಎದುರುಗಾಳಿ ಪ್ರೊಪೆಲ್ಲರಿನ ಭಾರ ಇಳಿಸುತ್ತದೆ, ಸುತ್ತು ಏರುತ್ತದೆ. ಮುಳ್ಳು ತೋರಿಸಿದ್ದು ಎಂಜಿನ್ನಿನ ತಾಕತ್ತಲ್ಲ, ಗಾಳಿಯ ಉಪಕಾರ; ಓರೆ ಅತಿಯಾಗಿದ್ದರೂ ಗೊತ್ತಾಗುವಂತಿರಲಿಲ್ಲ. ಹೊಸಬರೂ ಮಾಡದ ತಪ್ಪು. ತನ್ನನ್ನೇ ಶಪಿಸಿಕೊಳ್ಳುತ್ತ ಶೆಡ್ಡಿಗೆ ಓಡಿದ.

ಬೀಗ ಹಾಕಿದ ಹಾಗೇ ಇತ್ತು. ಒಳಗೆ...

ಟಕ್.

ಸ್ವಲ್ಪ ಬಿಟ್ಟು, ಮತ್ತೆ ಟಕ್.

ಆ ಸದ್ದು ಅವನಿಗೆ ಗೊತ್ತು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಒಳಗಿನ ಸ್ಪ್ರಿಂಗು. ಯಾರಾದರೂ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದಾಗ ಮಾತ್ರ ಹಾಗೆ ಬಡಿಯುತ್ತದೆ.

“ಸ್ವಿಚ್ ಆಫ್?” ಒಳಗಿನಿಂದ ಪಿಸುಮಾತು.

ಅದು ಅವನದೇ ದನಿ. ಬಾಗಿಲ ಹೊರಗೆ ಅವನು, ಒಳಗೆ ಅವನ ದನಿ!

“ಆಫ್,” ಅಂತು ಇನ್ನೊಂದು.

ತಮ್ಮನ ದನಿ.

ಬೀಗದ ಕೈ ತೆಗೆದ. ಕತ್ತಲಲ್ಲಿ ತೂತು ಸಿಗಲಿಲ್ಲ.

“ಕಾಂಟ್ಯಾಕ್ಟ್?” ಕಿಡಿ ಹಾಕಲೇ ಅಂತ ಪ್ರೊಪೆಲ್ಲರ್ ತಿರುಗಿಸುವವನು ಕೇಳುವ ಮಾತು; ಸೀಟಿನಲ್ಲಿ ಕೂತವನು ಅದನ್ನೇ ಮರಳಿ ಹೇಳಿದರೆ ಸ್ವಿಚ್ ಆನ್.

“ಬೇಡ ಕಣೋ... ಹೇಳಬೇಡ,” ಅಂತ ಬಾಗಿಲಿಗೆ ಹಣೆ ಒತ್ತಿ ಉಸಿರಲ್ಲೇ ಬೇಡಿಕೊಂಡ.

“ಕಾಂಟ್ಯಾಕ್ಟ್!”

ಎಂಜಿನ್ ಹತ್ತಿಕೊಂಡಿತು. ಗುರ್ ಅಂದಿತು, ಏರಿತು, ಪೂರ್ತಿ ವೇಗಕ್ಕೆ ಹೋಗಲಾರದೆ ತಿಣುಕಿತು. ಕಿವಿಯಲ್ಲೇ ಗೊತ್ತಾಯಿತು ಅವನಿಗೆ, ಸುತ್ತು ಸಾಲದು. ಸದ್ದು ದೂರ ಹೋಗುತ್ತ ಸಣ್ಣದಾಯಿತು, ಶೆಡ್ಡಿನೊಳಗೇ! ಆಮೇಲೆ ಲಟ್ ಅಂತ ಮರ ಮುರಿದ ಸದ್ದು... ಅಷ್ಟೇ.

ಬಾಗಿಲು ತೆರೆದಾಗ ವಿಮಾನ ನಿಂತಲ್ಲೇ ನಿಂತಿತ್ತು. ಪ್ರೊಪೆಲ್ಲರಿಗೆ ಒಂದು ಗೀರೂ ಇಲ್ಲ. ಎಂಜಿನ್ ಮುಟ್ಟಿದ, ತಣ್ಣಗಿತ್ತು.

ಬಿದ್ದೂ ಎದ್ದೂ ಮನೆಗೆ ಓಡಿದ. ತಮ್ಮ ಬರೀ ಮೈಯಲ್ಲಿ ಗೊರಕೆ ಹೊಡೆಯುತ್ತಿದ್ದ. ದೀಪ ಹಾಕಿ, ಅವನನ್ನು ಅಲುಗಾಡಿಸಿ ಎಬ್ಬಿಸಿದ.

“ನಾಳೆ ಹಾರಬೇಡ. ತಪ್ಪು ನಂದು.”

“ಆಯ್ತು ಮಾರಾಯ, ಬೆಳಿಗ್ಗೆ ಮಾತಾಡೋಣ. ದೀಪ ಆರಿಸು,” ಅಂದ ತಮ್ಮ, ಕಣ್ಣುಜ್ಜುತ್ತ. “ಎದೆ ಯಾಕೋ ಉರೀತಿದೆ.”

ಅವನು ದೀಪ ಆರಿಸಲಿಲ್ಲ. ತಮ್ಮನ ಎರಡೂ ಭುಜಗಳಿಂದ ಹೊಟ್ಟೆಯವರೆಗೆ, ಸೀಟಿನ ಬೆಲ್ಟು ಬಿಗಿಯುವ ಜಾಗದಲ್ಲೇ, ಅಂಗೈ ಅಗಲದ ನೀಲಿ ಬಾಸುಂಡೆಗಳು.

ನಾನು ಕಣ್ಣಾರೆ ಕಂಡಿದ್ದೇನೆ. ಮಾಯಲು ತಿಂಗಳು ಹಿಡಿಯಿತು.